ಹುಳದ ಮನೆಗೆ ಬಂದ ಪೌಡರ್ ವಾಸನೆ

ಮೇಜಿನ ಮೇಲೆ ಚೆಂಡು ತಳ್ಳುವ ಪೂಲ್ ಆಡುವ ಹುಡುಗರು ಕೋಲು ಜಾರಲೆಂದು ಕೈಗೆ ಪೌಡರ್ ಹಚ್ಚಿಕೊಂಡರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಆ ಭಯದ ಕಥೆಯನ್ನು ಮೊದಲು ಹೇಳಿದ್ದು ಗೌನಿಪಲ್ಲಿಯ ನಮ್ಮ ದೊಡ್ಡಮ್ಮ. ರೇಷ್ಮೆಹುಳಗಳು ಮೇವು ಬಿಟ್ಟು ಪೊರೆ ಕಳಚುವ ನಾಲ್ಕನೇ ಜ್ವರ ಕಳೆದೆದ್ದು, ಗೂಡು ಕಟ್ಟುವ ಮುನ್ನ ಗಬಗಬ ಮೇಯುವ ದಿನಗಳವು.

ಆ ಸಂಜೆ ಚಿಕ್ಕಪ್ಪ ಕೋಲಾರದ ಕ್ಲಬ್ಬಿನಲ್ಲಿ ಆಟ ಮುಗಿಸಿ ಬಂದವನು, ಪೌಡರ್ ಕೈಯಲ್ಲೇ ಹುಳಗಳಿಗೆ ಸೊಪ್ಪು ಹಾಕಿದ್ದ. ಆ ತಟ್ಟೆಯ ಹುಳಗಳು ತಲೆಯೆತ್ತಿಕೊಂಡೇ ಇದ್ದವು, ಮೇಯಲಿಲ್ಲ.

ದೊಡ್ಡಮ್ಮ ಸೊಪ್ಪು ಮೂಸಿದಳು. "ಏನ್ಲಾ, ಮದುವೆಗೆ ಹೊರಟಂಗೆ ಗಮಗಮ ಅಂತೀಯ?"

"ಒರೆಸ್ಕೊಂಡಿದ್ದೆ ಅತ್ಗೆ."

ಅವಳು ಆ ಸೊಪ್ಪು ತೆಗೆದು ಬೇರೆ ಹಾಕಿ, ನಮ್ಮ ಕಡೆ ತಿರುಗಿ ಕಥೆ ಶುರುಮಾಡಿದಳು. ಅವಳ ತವರಲ್ಲಿ ಸೆಂಟು ಹಾಕಿಕೊಂಡ ಹೊಸ ಅಳಿಯ ಹುಳದ ಮನೆಗೆ ಕಾಲಿಟ್ಟಿದ್ದನಂತೆ. "ಬೆಳಗಾಗೋದ್ರೊಳಗೆ ಅಷ್ಟೂ ಹುಳ ಕಪ್ಪಾಗಿ ಸೋರ್ತಿತ್ತು. ಒಂದು ಗೂಡೂ ಸಿಗ್ಲಿಲ್ಲ ಕಣ್ರೋ."

ನಾವ್ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ನಾವು ಮಕ್ಕಳು ಓಡಿಹೋದಾಗ ಚಿಕ್ಕಪ್ಪ ಆಗಲೇ ಹುಳದ ಮನೆಯ ಬಾಗಿಲಿಗೆ ಕಿವಿಯಿಟ್ಟು ಕುಳಿತಿದ್ದ. ನಾವೂ ಕಿವಿಯಿಟ್ಟೆವು. ಸೊಪ್ಪು ಮೇಯುವ ಸದ್ದು ತುಂತುರು ಮಳೆಯಂತೆ ಕೇಳಿಸಿತು. ಚಿಕ್ಕಪ್ಪ ಉಸಿರು ಬಿಟ್ಟು, ಹುಣಸೆಹಣ್ಣು ಬೂದಿ ಹಾಕಿ ಉಜ್ಜಿ ಕೆಂಪಾಗಿದ್ದ ಅಂಗೈ ಚಾಚಿದ.

"ಮೂಸಿ ನೋಡ್ರೋ, ಇನ್ನೂ ಐತಾ?"

ಒಬ್ಬರಾದ ಮೇಲೊಬ್ಬರು ಮೂಸಿದೆವು. "ಒಂಚೂರು ಐತೆ ಚಿಕ್ಕಪ್ಪ" ಎಂದು, ಎಲ್ಲರೂ ಬಾಗಿಲಿಗೆ ಅಡ್ಡ ನಿಂತೆವು.