ಟ್ರೈಪಾಡ್ ಊರಿದ ತಪ್ಪಿಗೆ

“ಮೊದಲು ಆ ಮೂರು ಕಾಲು ಮಡಚಿ, ಮತ್ತೆ ಮಾತಾಡುವ!”

ಇಚಿಲಂಪಾಡಿಯ ಗದ್ದೆ ಬದಿಯಲ್ಲಿ ಬೆಳಗಿನ ಮಂಜಿನ ಫೋಟೊಗೆಂದು ಟ್ರೈಪಾಡ್ ಊರಿದ್ದ ನನ್ನೆದುರು, ಹುಲ್ಲು ಕೊಯ್ಯುವ ಕತ್ತಿ ಹಿಡಿದ ಹೆಂಗಸೊಬ್ಬರು ನಿಂತಿದ್ದರು. ಅವರ ಹಿಂದೆ ಆರೇಳು ಮಂದಿ. ಗದ್ದೆಗಳ ಮೇಲೆ ಹಾಯಲಿದ್ದ, ಊರವರು ಬೇಡವೆನ್ನುತ್ತಿದ್ದ ಕರೆಂಟ್ ಲೈನಿನ ಸರ್ವೆಗೆ ಬಂದವನು ನಾನು ಎಂದು ಆಗಲೇ ತೀರ್ಮಾನವಾಗಿತ್ತು.

“ಇಲ್ಲ ಅಕ್ಕ, ಮಂಜಿನ ಫೋಟೊ ತೆಗೆಯುದು” ಎಂದೆ.

“ಮಂಜಿನಲ್ಲಿ ಎಂತ ಕಾಣ್ತದೆ ಮಾರಾಯ್ರೆ?”

ಹತ್ತು ವರ್ಷಗಳ ನನ್ನ ಕಲಾಸೇವೆಗೆ ಇಷ್ಟು ನೇರ ವಿಮರ್ಶೆ ಪುತ್ತೂರಿನ ನಮ್ಮ ಫೋಟೊಗ್ರಾಫರುಗಳ ವಾಟ್ಸ್ಯಾಪ್ ಬಳಗದಲ್ಲೂ ಬಂದಿರಲಿಲ್ಲ. ಅಲ್ಲಿ ನಾವೆಲ್ಲ ಫೋಟೊ ನೋಡುವ ಮೊದಲೇ ಪರಸ್ಪರ ಹೆಬ್ಬೆರಳೆತ್ತಿ ಕೃತಾರ್ಥರಾಗುವವರು. ಇಲ್ಲಿಯವರು ಕ್ಯಾಮೆರಾದಲ್ಲಿದ್ದ ಪ್ರತಿ ಗುಡ್ಡವನ್ನೂ ತಪಾಸಣೆ ಮಾಡಿದರು. “ಇದು ನಮ್ಮ ಮೇಲಿನ ಗದ್ದೆ ಅಲ್ವಾ?” ಎಂದು ಒಬ್ಬರು ಗುರುತಿಸಿದ ಮೇಲೆಯೇ ನನಗೆ ಚಹಾ ಸಿಕ್ಕಿದ್ದು. ಅಕ್ಕ ನನ್ನ ನಂಬರನ್ನೂ ಬರೆಸಿಕೊಂಡರು, ಸಂಶಯ ಪೂರ್ತಿ ಹೋಗಿರಲಿಲ್ಲವಲ್ಲ!

ಕಳೆದ ವಾರ ಅದೇ ಅಕ್ಕನ ಫೋನ್: “ನಿಜವಾದ ಸರ್ವೆಯವರು ಬಂದಿದ್ದಾರೆ. ಅವರು ಗೂಟ ಎಲ್ಲೆಲ್ಲಿ ಹಾಕುದು ಅಂತ ಸಾಕ್ಷಿಗೆ ಫೋಟೊ ಬೇಕು, ಬೇಗ ಬನ್ನಿ.” ಬಳಗದ ಫೋಟೊ ಪ್ರವಾಸಗಳಿಗೆ ನೆಗಡಿಯ ನೆಪ ಹೇಳುವ ನಾನು, ಚಹಾ ಕೂಡ ಕುಡಿಯದೆ ಹೊರಟೆ. ಈ ಸಲ ನಾನು ನಿಂತದ್ದು ಕತ್ತಿಯ ಹಿಂದೆ.