ಬಾಗಿಲಾಚೆಯ ಲೈಟು

ವರ್ತೂರಿನ ನನ್ನ ಬಾಡಿಗೆ ಮನೆಯಿಂದ ನಾವು ಗೆಳೆಯರು ಸೋಶಿಯಲ್ ಮೀಡಿಯಾದಲ್ಲಿ ಲೈವ್ ನಾಟಕ ಆಡುತ್ತಿದ್ದೆವು. ಮುಂದೇನಾಗಬೇಕೆಂದು ನೋಡುಗರು ಕಾಮೆಂಟ್ ಹಾಕಬೇಕು, ನಾನು ಓದಿ ನಟರಿಗೆ ಹೇಳಬೇಕು.

ಅವತ್ತಿನ ಕಥೆಯಲ್ಲಿ, ಮನೆಯವರನ್ನು ಎದುರುಹಾಕಿಕೊಂಡು ಮದುವೆಯಾದ ಮಗಳ ಮನೆಗೆ ವರ್ಷಗಳ ಮೇಲೆ ಅಪ್ಪ ಬಂದು ಬಾಗಿಲು ತಟ್ಟುತ್ತಾನೆ. ಮಗಳ ಪಾತ್ರದ ಸುಧಾ ಕ್ಯಾಮೆರಾ ಕಡೆ ತಿರುಗಿ, “ತೆಗೀಲಾ, ಬೇಡ್ವಾ?” ಎಂದಳು.

“ತೆಗೀಬೇಡ ಕಣೇ”, “ಪಾಪ, ತೆಗಿ” ಎಂದು ನೋಡುಗರಲ್ಲೇ ಜಗಳ ಶುರುವಾಯಿತು. ನಡುವೆ ಪೀಣ್ಯದ ಅಪರಿಚಿತರೊಬ್ಬರು ಬರೆದರು: “ಬಾಗಿಲು ತೆಗೀದಿದ್ರೂ ಪರ್ವಾಗಿಲ್ಲ ಮೇಡಂ. ಹೊರಗಡೆ ಲೈಟ್ ಹಾಕೋಕೆ ಹೇಳಿ. ಅವರು ಕತ್ತಲಲ್ಲಿ ನಿಂತಿದ್ದಾರೆ.”

ಅದನ್ನೇ ಗಟ್ಟಿಯಾಗಿ ಓದಿದೆ. ಸುಧಾ ಹೊರಗಿನ ಲೈಟಿನ ಸ್ವಿಚ್ ಒತ್ತಿದಳು. ಕಾಮೆಂಟುಗಳ ಜಗಳ ನಿಂತಿತು. ಹೊರಗಿದ್ದ ಅಪ್ಪನ ಪಾತ್ರಧಾರಿ ತನ್ನ ಮಾತೇ ಮರೆತ.

ನಾಟಕ ಮುಗಿದ ಮೇಲೆ ಯಾಕೋ ಅನುಮಾನ ಬಂದು ಪೀಣ್ಯದ ಆ ಅಪರಿಚಿತರಿಗೆ ಮೆಸೇಜ್ ಮಾಡಿದೆ: “ನಿಮ್ಮ ಮಗಳು ಬಾಗಿಲು ತೆಗೆದ್ರಾ ಸಾರ್?”

“ಅವತ್ತು ತೆಗೀಲಿಲ್ಲ. ಲೈಟ್ ಹಾಕಿದ್ಲು. ಅದಕ್ಕೇ ಮತ್ತೆ ಹೋದೆ.”

ಮುಂದಿನ ಪ್ರದರ್ಶನಕ್ಕೆ ಆ ಲೈಟನ್ನು ನಾವೇ ನಾಟಕದಲ್ಲಿ ಸೇರಿಸಿಕೊಂಡೆವು. “ಸಿಕ್ಕಾಪಟ್ಟೆ ಸ್ಲೋ ಗುರು, ಬಾಗಿಲು ಒಡೀರಿ” ಎಂದು ಕಾಮೆಂಟ್ ಬಂತು.