ಅಪ್ಪನ ಜೇಬಿನ ಕಲ್ಲುಸಕ್ಕರೆ

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಹಟ್ಟಿ ಗಣಿಯಿಂದ ಪಾಳಿ ಮುಗಿಸಿ ಬರುತ್ತಿದ್ದ ಅಪ್ಪನ ಬಾಯಿ ನಾರತೊಡಗಿತು. ಕೊಳೆತ ಬಾಳೆಹಣ್ಣಿನಂಥ ವಾಸನೆ. ಅಪ್ಪ ಸೆರೆ ಕುಡಿಯುತ್ತಿದ್ದಾನೆಂದು ಅವ್ವ ಹೆದರಿದಳು. ಓಣಿಯ ಮಂದಿಗೆ ಗೊತ್ತಾದರೆ ಹೇಗೆಂದು ಇನ್ನೂ ಹೆದರಿದಳು. ಅಪ್ಪ ನನ್ನ ತಲೆ ಮುಟ್ಟಿ, "ಮಗಳಾಣಿ, ನಾ ಕುಡದಿಲ್ಲ" ಅಂದ. ಆಣೆ ಸುಳ್ಳಾದರೆ ಸಾಯುವವಳು ನಾನು!

ಬೇವಿನ ಕಡ್ಡಿ, ಉಪ್ಪುನೀರು, ಲವಂಗ ಎಲ್ಲ ಆದವು. ಕೊನೆಗೆ ಅವ್ವ ದಿನಾ ಬಡೆಸೋಪು, ಕಲ್ಲುಸಕ್ಕರೆ ಕಟ್ಟಿ ಅಪ್ಪನ ಅಂಗಿಯ ಜೇಬಿಗೆ ಹಾಕಿದಳು. ಅಪ್ಪ ಕೊಡಗಟ್ಟಲೆ ನೀರು ಕುಡಿದ, ಆದರೂ ಒಣಗುತ್ತಲೇ ಹೋದ. ಒಂದು ಮುಂಜಾನೆ ಏದುಸಿರು ಬಿಡುತ್ತ ಮಲಗಿದವನು ಎಷ್ಟು ಕರೆದರೂ ಕಣ್ಣು ತೆರೆಯಲಿಲ್ಲ.

ಲಿಂಗಸುಗೂರಿನ ದವಾಖಾನೆಯಲ್ಲಿ ಡಾಕ್ಟರು ಅವನ ಬಾಯಿಯ ಹತ್ತಿರ ಬಗ್ಗಿ ಮೂಸಿದರು. ರಕ್ತ ನೋಡಿ ಬಂದು ಹೇಳಿದರು: "ಇದು ಸೆರೆ ಅಲ್ಲವ್ವ, ಸಕ್ಕರಿ ಬ್ಯಾನಿ. ಭಾಳ ಏರೇತಿ. ಮನ್ಯಾಗ ಏನ್ ಕೊಡಾಕತ್ತಿದ್ರಿ?"

ಅವ್ವ ಅಪ್ಪನ ಅಂಗಿಯ ಜೇಬು ಮುಟ್ಟಿ ನೋಡಿದಳು. ಅಷ್ಟರಲ್ಲಿ ಅಪ್ಪ ಕಣ್ಣು ತೆರೆದ. ಮಗ್ಗುಲಲ್ಲಿ ನಿಂತಿದ್ದ ನರ್ಸಮ್ಮನಿಗೆ ನಾಚಿ ಮುಖ ಆ ಕಡೆ ತಿರುಗಿಸಿದ. ಅವ್ವನತ್ತ ಕೈ ಚಾಚಿ ಪಿಸುಗುಟ್ಟಿದ:

"ಬಾಯಿ ನಾರಾಕತ್ತೇತಿ. ಒಂದು ಕಲ್ಲುಸಕ್ಕರಿ ಕೊಡು."